ಬಾಯ್ಲರ್ ಗುಂಯ್ ಅಂತಿದೆ, ಬದಲಿಸಲೇಬೇಕಾ?

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. 1980ರ ದಶಕದ ಸೆಮಿ ಡಿಟ್ಯಾಚ್ಡ್ ಮನೆ (ಪಕ್ಕದ ಮನೆಗೂ ನಮಗೂ ಒಂದು ಗೋಡೆ ಸೇರಿಕೊಂಡಿದೆ), ಹೋದ ವರ್ಷ ಕೊಂಡೆವು. ಅಡುಗೆಮನೆಯ ಕಪಾಟಿನಲ್ಲಿ ಗ್ಯಾಸ್ ಕಾಂಬಿ ಬಾಯ್ಲರ್ ಇದೆ (ಮನೆ ಬೆಚ್ಚಗಿಡುವ ಹೀಟಿಂಗ್, ನಲ್ಲಿಯ ಬಿಸಿನೀರು ಎರಡನ್ನೂ ಕೊಡುವಂಥದ್ದು), ಹನ್ನೆರಡು ವರ್ಷ ಹಳೆಯದು. ಬೆಳಗ್ಗೆ ಹೀಟಿಂಗ್ ಹಾಕಿದಾಗ ಏನೂ ಸದ್ದಿಲ್ಲ. ಅರ್ಧ ಮುಕ್ಕಾಲು ಗಂಟೆ ಕಳೆದು ಮನೆ ಬೆಚ್ಚಗಾದ ಮೇಲೆ ಗುಂಯ್ ಅಂತ ಶುರುವಾಗುತ್ತದೆ. ಬಾಯ್ಲರ್ ಹತ್ತಿರಕ್ಕಿಂತ ಮೇಲೆ ಮಗುವಿನ ರೂಮಿನಲ್ಲೇ ಜಾಸ್ತಿ ಕೇಳುತ್ತದೆ. ನಲ್ಲಿಯಲ್ಲಿ ಬಿಸಿನೀರು ಬಿಟ್ಟಾಗ ಈ ಸದ್ದು ಕೇಳಿಲ್ಲ. ಪ್ರೆಶರ್ 1.3 ಬಾರ್ ತೋರಿಸುತ್ತದೆ. ನೋಡಲು ಬಂದವರೊಬ್ಬರು ಹತ್ತು ನಿಮಿಷ ಇದ್ದು, ಹೀಟ್ ಎಕ್ಸ್‌ಚೇಂಜರ್ (ಉರಿಯ ಶಾಖವನ್ನು ನೀರಿಗೆ ದಾಟಿಸುವ ಭಾಗ) ಹೋಗಿದೆ, ಹೊಸ ಬಾಯ್ಲರ್ ಹಾಕಿಸಿ ಅಂದರು. ಊರಿಂದ ಬಂದಿರುವ ನಮ್ಮಪ್ಪ ಕವರ್ ಬಿಚ್ಚಿ ನೋಡೋಣ ಅಂತಿದ್ದಾರೆ. ಏನು ಮಾಡಲಿ?

ಉತ್ತರ: ಬದಲಿಸಬೇಡಿ. ಈಗಲೇ ಅಂತೂ ಬೇಡ. ಬಾಯ್ಲರ್ ಬದಲಿಸೋದು ಎರಡು ಮೂರು ಸಾವಿರ ಪೌಂಡಿನ ಮಾತು, ಮತ್ತೆ ನೀವು ಬರೆದಿರುವುದನ್ನು ಓದಿದರೆ ಹೊಸ ಬಾಯ್ಲರ್ ಹಾಕಿಸಿದ ಮೇಲೂ ಇದೇ ಗುಂಯ್ ಕೇಳಿಸುವ ಸಾಧ್ಯತೆ ಚೆನ್ನಾಗಿಯೇ ಇದೆ.

ಮೊದಲು ಅಪ್ಪನ ವಿಷಯ. ಕವರ್ ಬಿಚ್ಚೋದು ಬೇಡ ಅಂತ ಹೇಳಿ. ಊರಲ್ಲಿ ಮಿಕ್ಸಿ, ಪಂಪ್‌ಸೆಟ್, ಗೀಸರ್ ಎಲ್ಲ ತಾವೇ ಬಿಚ್ಚಿ ಸರಿಮಾಡಿದ ಕೈ ಇರಬಹುದು, ಅದರ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಈಗಿನ ಬಹುಪಾಲು ಗ್ಯಾಸ್ ಬಾಯ್ಲರ್‌ಗಳಲ್ಲಿ ಮುಂದಿನ ಕವರ್ ಇರೋದು ಅಂದಕ್ಕಲ್ಲ. ಒಳಗಿನ ಹೊಗೆ ಮನೆಯೊಳಗೆ ಬಾರದಂತೆ ತಡೆಯುವ ಸೀಲ್ ಅದು. ಮತ್ತೆ ಮುಚ್ಚುವಾಗ ಅಂಚಿನ ರಬ್ಬರ್ ಒಂದು ಕಡೆ ಮಡಚಿಕೊಂಡರೂ ಸಾಕು, ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಅಡುಗೆಮನೆಗೆ ಬರಬಹುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇಲ್ಲಿ ದುಡ್ಡು ತೆಗೆದುಕೊಂಡು ಗ್ಯಾಸ್ ಕೆಲಸ ಮಾಡುವವರು ಗ್ಯಾಸ್ ಸೇಫ್ ರಿಜಿಸ್ಟರ್ ಅನ್ನುವ ಅಧಿಕೃತ ಪಟ್ಟಿಯಲ್ಲಿ ಇರಲೇಬೇಕು (2009ರವರೆಗೆ ಕಾರ್ಗಿ ಅಂತಿತ್ತಲ್ಲ, ಅದರ ಜಾಗಕ್ಕೆ ಬಂದದ್ದು). ಅವರ ಕಾರ್ಡಿನ ಮುಂದೆ ಫೋಟೋ, ಹಿಂದೆ ಯಾವ ಯಾವ ಕೆಲಸಕ್ಕೆ ಅರ್ಹತೆ ಇದೆ ಅನ್ನುವ ಪಟ್ಟಿ ಇರುತ್ತದೆ. ನಿಮ್ಮ ಮನೆಗೆ ಬಂದಿದ್ದವರ ಕಾರ್ಡ್ ತಿರುಗಿಸಿ ನೋಡಿದ್ರಾ? ಹೆಚ್ಚಿನವರು ಕೇಳುವುದೇ ಇಲ್ಲ, ನಮ್ಮವರಿಗೆ ಅದೊಂದು ಸಂಕೋಚ. ಕೇಳಿ. ಒಳ್ಳೆಯ ಇಂಜಿನಿಯರ್ ಬೇಜಾರು ಮಾಡಿಕೊಳ್ಳಲ್ಲ.

ಅಪ್ಪನಿಗೆ ಕೆಲಸ ಬೇಕಾದರೆ ಕವರ್ ಮುಟ್ಟದೆ ಮಾಡುವ ಕೆಲಸ ಬೇಕಾದಷ್ಟಿದೆ, ಮುಂದೆ ಹೇಳುತ್ತೇನೆ.

ಇಂಥ ತೊಂದರೆ ಹುಡುಕುವಾಗ ಎಲ್ಲರೂ ಸದ್ದು ಹೇಗಿದೆ ಅನ್ನೋದನ್ನೇ ವರ್ಣಿಸುತ್ತಾರೆ. ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಾರೆ, ಬಾಯಲ್ಲಿ ಮಾಡಿ ತೋರಿಸುವವರೂ ಇದ್ದಾರೆ. ನನಗೆ ಅದರಿಂದ ಅಷ್ಟು ಉಪಯೋಗವಿಲ್ಲ. ಪಂಪ್, ಫ್ಯಾನ್, ಪೈಪ್, ಉರಿ, ಎಲ್ಲವೂ ಗುಂಯ್ ಅನ್ನಬಲ್ಲವು. ಸದ್ದು ಯಾವಾಗ ಶುರುವಾಗುತ್ತದೆ, ಏನು ಮಾಡಿದರೆ ನಿಲ್ಲುತ್ತದೆ ಅನ್ನೋದು ಮುಖ್ಯ. ನೀವು ಅದನ್ನೇ ಬರೆದಿದ್ದೀರಿ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ನಿಮ್ಮ ಕಾಂಬಿ ಹೇಗೆ ಕೆಲಸ ಮಾಡುತ್ತದೆ ನೋಡಿ. ಹೀಟಿಂಗ್ ಆದರೂ ಬಿಸಿನೀರು ಆದರೂ ಅದೇ ಫ್ಯಾನ್, ಅದೇ ಗ್ಯಾಸ್ ವಾಲ್ವ್, ಅದೇ ಬರ್ನರ್, ಅದೇ ಪಂಪ್, ಅದೇ ದೊಡ್ಡ ಹೀಟ್ ಎಕ್ಸ್‌ಚೇಂಜರ್. ವ್ಯತ್ಯಾಸ ಒಂದೇ. ಹೀಟಿಂಗ್ ಇದ್ದಾಗ ಡೈವರ್ಟರ್ ವಾಲ್ವ್ ಬಿಸಿನೀರನ್ನು ರೂಮುಗಳನ್ನು ಬೆಚ್ಚಗಿಡುವ ರೇಡಿಯೇಟರ್‌ಗಳಿಗೆ ಕಳಿಸುತ್ತದೆ. ನೀವು ನಲ್ಲಿ ತಿರುಗಿಸಿದ ಕೂಡಲೇ ಅದು ಹೊರಳಿಕೊಂಡು, ಅದೇ ನೀರನ್ನು ಬಾಯ್ಲರ್ ಒಳಗೇ ಇರುವ ಚಿಕ್ಕ ಪ್ಲೇಟ್ ಎಕ್ಸ್‌ಚೇಂಜರ್ ಮೂಲಕ ಸುತ್ತಿಸುತ್ತದೆ. ಅಷ್ಟು ಹೊತ್ತು ರೇಡಿಯೇಟರ್‌ಗಳಿಗೆ ನೀರು ಹೋಗಲ್ಲ. ಸಾಮಾನ್ಯವಾಗಿ ನಲ್ಲಿಗೆ ಬಿಸಿನೀರು ಕೊಡುವಾಗಲೇ ಬಾಯ್ಲರ್ ತನ್ನ ಪೂರ್ತಿ ಶಕ್ತಿಯಲ್ಲಿ ಉರಿಯೋದು. ಹೀಟ್ ಎಕ್ಸ್‌ಚೇಂಜರ್ ಹಾಳಾಗಿದ್ದರೆ, ಕಟ್ಟಿಕೊಂಡಿದ್ದರೆ, ಆಗಲೇ ಜಾಸ್ತಿ ಗಲಾಟೆ ಮಾಡಬೇಕಿತ್ತು ಅಲ್ವಾ? ಅದು ಸುಮ್ಮನಿದೆ. ಹತ್ತು ನಿಮಿಷದಲ್ಲಿ ತೀರ್ಪು ಕೊಟ್ಟವರು ಈ ಒಂದು ನಲ್ಲಿ ತಿರುಗಿಸಿದ್ದರೂ ಸಾಕಿತ್ತು.

ಹಾಗಾಗಿ ನಾಳೆ ಹೀಗೆ ಮಾಡಿ. ಹೀಟಿಂಗ್ ಹಾಕಿ ಬಿಡಿ, ಗುಂಯ್ ಶುರುವಾಗುವ ತನಕ ಕಾಯಿರಿ. ಸದ್ದು ಚೆನ್ನಾಗಿ ಬರುತ್ತಿರುವಾಗ ಒಬ್ಬರು ಮಗುವಿನ ರೂಮಿನಲ್ಲಿ ನಿಲ್ಲಲಿ, ಇನ್ನೊಬ್ಬರು ಕೆಳಗೆ ಬಿಸಿನೀರಿನ ನಲ್ಲಿಯನ್ನು ಪೂರ್ತಿ ತೆರೆಯಲಿ. ಕೆಲವು ಸೆಕೆಂಡಿನಲ್ಲಿ ಸದ್ದು ನಿಂತು, ನಲ್ಲಿ ಮುಚ್ಚಿದ ಮೇಲೆ ಮತ್ತೆ ಶುರುವಾದರೆ, ತೊಂದರೆ ಬಾಯ್ಲರ್ ಪೆಟ್ಟಿಗೆಯ ಹೊರಗಿದೆ, ರೇಡಿಯೇಟರ್ ಪೈಪುಗಳ ಕಡೆ.

ಇದರಲ್ಲಿ ಒಂದು ತೂತು ಇದೆ, ಅದನ್ನೂ ಮುಚ್ಚಿಬಿಡೋಣ. ಮನೆ ಬೆಚ್ಚಗಾದ ಮೇಲೆ ಬಾಯ್ಲರ್ ಉರಿಯನ್ನು ಸಣ್ಣ ಮಾಡಿಕೊಳ್ಳುತ್ತದೆ. ಕೆಲವು ಬರ್ನರ್‌ಗಳು ದೊಡ್ಡ ಉರಿಯಲ್ಲಿ ಸುಮ್ಮನಿದ್ದು ಸಣ್ಣ ಉರಿಯಲ್ಲಿ ಮಾತ್ರ ಗುಂಯ್ ಅನ್ನುತ್ತವೆ. ಆದ್ದರಿಂದ ಇನ್ನೊಂದು ಪರೀಕ್ಷೆ. ಥರ್ಮೋಸ್ಟಾಟ್ ಇಳಿಸಿ ಹೀಟಿಂಗ್ ನಿಲ್ಲಿಸಿ, ಬಿಸಿನೀರಿನ ನಲ್ಲಿಯನ್ನು ಸಣ್ಣಗೆ ಬಿಡಿ. ತೀರಾ ಸಣ್ಣಗೆ ಬಿಟ್ಟರೆ ಬಾಯ್ಲರ್ ಹತ್ತಿಕೊಳ್ಳುವುದೇ ಇಲ್ಲ, ಅದಕ್ಕೆ ನಿಮಿಷಕ್ಕೆ ಎರಡೂವರೆ ಮೂರು ಲೀಟರ್ ಆದರೂ ಹರಿಯಬೇಕು. ಹಾಗೇ ನಾಲ್ಕೈದು ನಿಮಿಷ ಬಿಟ್ಟು ಬಾಯ್ಲರ್ ಹತ್ತಿರ ನಿಂತು ಕೇಳಿ. ಆಗಲೂ ಸದ್ದಿಲ್ಲ ಅಂದರೆ ಬರ್ನರ್, ಫ್ಯಾನ್ ಎರಡನ್ನೂ ಸದ್ಯಕ್ಕೆ ಬಿಟ್ಟುಬಿಡಬಹುದು.

ಇಲ್ಲಿಂದ ಮುಂದೆ ನನ್ನ ಅಂದಾಜು. ಥರ್ಮೋಸ್ಟಾಟಿಕ್ ರೇಡಿಯೇಟರ್ ವಾಲ್ವ್ ಅಂತ ಇರುತ್ತದಲ್ಲ, 1ರಿಂದ 5ರವರೆಗೆ ನಂಬರ್ ಬರೆದ ಬಿಳಿ ತಲೆ. ರೂಮು ಬೆಚ್ಚಗಾದಂತೆ ಅದರೊಳಗಿನ ಮೇಣ ಅಥವಾ ದ್ರವ ಹಿಗ್ಗಿ ಒಂದು ಪಿನ್ನನ್ನು ಒತ್ತಿ, ನೀರಿನ ದಾರಿಯನ್ನು ಮೆಲ್ಲಗೆ ಮುಚ್ಚುತ್ತದೆ. ಬೆಳಗ್ಗೆ ಎಲ್ಲ ರೂಮೂ ತಣ್ಣಗಿರುವಾಗ ಎಲ್ಲ ವಾಲ್ವ್‌ಗಳೂ ತೆರೆದಿರುತ್ತವೆ, ನೀರು ಆರಾಮಾಗಿ ಹರಿಯುತ್ತದೆ. ಮುಕ್ಕಾಲು ಗಂಟೆಯಲ್ಲಿ ಒಂದೊಂದೇ ಮುಚ್ಚಿಕೊಳ್ಳುತ್ತಾ ಬರುತ್ತವೆ. ಆದರೆ ನಿಮ್ಮ ಬಾಯ್ಲರ್ ಕಾಲದ ಪಂಪಿಗೆ ಅದರ ಪರಿವೆ ಇರಲ್ಲ. 2015ರ ಈಚಿನ ಬಾಯ್ಲರ್‌ಗಳ ಪಂಪ್‌ಗಳು ತಮ್ಮ ವೇಗ ತಾವೇ ತಗ್ಗಿಸಿಕೊಳ್ಳಬಲ್ಲವು. ಹಳೆಯವು ಒಂದೇ ವೇಗದಲ್ಲಿ ತಳ್ಳುತ್ತಲೇ ಇರುತ್ತವೆ. ಅಷ್ಟೂ ಒತ್ತಡ ತೆರೆದಿರುವ ಒಂದೆರಡು ವಾಲ್ವ್‌ಗಳ ಮೇಲೆ ಬೀಳುತ್ತದೆ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ಪೈಪ್ ಕೈಯಲ್ಲಿ ನಡುಗುತ್ತದಲ್ಲ, ಹಾಗೆ. ಆ ನಡುಕ ಪೈಪಿಗೆ, ಪೈಪಿನಿಂದ ನೆಲದ ಹಲಗೆಗೆ. ಇಲ್ಲಿನ ಮನೆಗಳಲ್ಲಿ ಮೇಲಿನ ಮಹಡಿಯ ಪೈಪುಗಳು ಮರದ ತೊಲೆಗಳಲ್ಲಿ ಕೊರೆದ ಕಚ್ಚಿನಲ್ಲಿ ಮಲಗಿರುತ್ತವೆ, ಮೇಲೆ ಹಲಗೆ ಬಡಿದಿರುತ್ತಾರೆ. ಮಗುವಿನ ರೂಮಿನ ನೆಲವೇ ಗುಂಯ್ ಅನ್ನೋದು ಅದಕ್ಕೇ ಇರಬೇಕು.

ಇನ್ನೊಂದು ನೋಡಿ. ರೇಡಿಯೇಟರಿಗೆ ಬರುವ ಪೈಪ್ ಎಷ್ಟು ದಪ್ಪ ಇದೆ? ಬೆರಳು ದಪ್ಪ ಇದ್ದರೆ 15 ಮಿಲಿಮೀಟರಿನದು. ಪೆನ್ಸಿಲ್ ದಪ್ಪ ಇದ್ದರೆ ಮೈಕ್ರೋಬೋರ್, 8 ಅಥವಾ 10 ಮಿಲಿಮೀಟರ್. 1970, 80ರ ದಶಕದ ಮನೆಗಳಲ್ಲಿ ಇದು ತುಂಬಾ ಇದೆ. ಸಣ್ಣ ಪೈಪಿನಲ್ಲಿ ನೀರಿನ ವೇಗ ಜಾಸ್ತಿ, ಸದ್ದೂ ಜಾಸ್ತಿ. ಹರಿವು ಸೆಕೆಂಡಿಗೆ ಒಂದು, ಒಂದೂವರೆ ಮೀಟರ್ ದಾಟಿದರೆ ಸದ್ದು ಕೇಳಿಸಲು ಶುರುವಾಗುತ್ತದೆ ಅನ್ನೋದು ನಮ್ಮ ಕಸುಬಿನ ಲೆಕ್ಕ.

ಈಗ ಅಪ್ಪನನ್ನು ಕರೆಯಿರಿ. ಸದ್ದು ಬರುತ್ತಿರುವಾಗ ಮನೆಯ ಎಲ್ಲ ವಾಲ್ವ್ ತಲೆಗಳನ್ನೂ 5ಕ್ಕೆ ತಿರುಗಿಸಿ, ಹತ್ತು ನಿಮಿಷ ಬಿಡಿ. ಸದ್ದು ಇಳಿದರೆ ನನ್ನ ಅಂದಾಜು ಸರಿ. ಆಮೇಲೆ ಒಂದೊಂದಾಗಿ ಮತ್ತೆ ಕೆಳಗೆ ತನ್ನಿ, ಪ್ರತಿ ಸಲ ಸ್ವಲ್ಪ ಕಾದು ಕೇಳಿ. ಯಾವುದೋ ಒಂದನ್ನು ಮುಟ್ಟಿದಾಗ ಸದ್ದು ತಟ್ಟನೆ ಬದಲಾಗುತ್ತದೆ. ಉದ್ದದ ಸ್ಕ್ರೂಡ್ರೈವರ್ ಇದ್ದರೆ ತುದಿಯನ್ನು ಆ ವಾಲ್ವಿನ ಹಿತ್ತಾಳೆ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಇಟ್ಟುಕೊಂಡು ಕೇಳಿ. ಗುಂಯ್ ಎಲ್ಲಿ ಹುಟ್ಟುತ್ತಿದೆ ಅಂತ ಸ್ಪಷ್ಟವಾಗಿ ಗೊತ್ತಾಗುತ್ತದೆ. ಪೈಪ್ ಬಿಸಿ ಇರುತ್ತದೆ, ಕೈ ಜೋಪಾನ.

ಸಿಕ್ಕಿದ ವಾಲ್ವಿನ ಮೈಮೇಲೆ ಬಾಣದ ಗುರುತು ಇದೆಯಾ ನೋಡಿ. ಎರಡು ಕಡೆ ತೋರಿಸುವ ಬಾಣ ಇದ್ದರೆ ಹೇಗೆ ಹಾಕಿದರೂ ಸರಿ. ಒಂದೇ ಕಡೆ ತೋರಿಸುವ ಬಾಣ ಇದ್ದರೆ ನೀರು ಆ ದಿಕ್ಕಿನಲ್ಲೇ ಹೋಗಬೇಕು. ಹೀಟಿಂಗ್ ಶುರುವಾದ ಕೂಡಲೇ ಆ ರೇಡಿಯೇಟರಿನ ಎರಡೂ ಪೈಪ್ ಮುಟ್ಟಿ, ಮೊದಲು ಬಿಸಿಯಾಗುವುದು ನೀರು ಬರುವ ಪೈಪ್. ಬಾಣ ಅದಕ್ಕೆ ಉಲ್ಟಾ ಇದ್ದರೆ, ವಾಲ್ವ್ ಮುಚ್ಚುವ ಹಂತಕ್ಕೆ ಬಂದಾಗ ನೀರೇ ಅದನ್ನು ಎಳೆದು ಬಡಿಯುತ್ತದೆ. ಆಗ ಗುಂಯ್ ಅಥವಾ ಟಕಟಕಟಕ ಅನ್ನುವ ಸದ್ದು. ಹಳೆಯ ಮನೆ ಕೊಂಡವರಿಗೆ ಇದು ಎಷ್ಟೋ ಸಲ ಗಂಟುಬೀಳುತ್ತದೆ. ವಾಲ್ವ್ ಬದಲಿಸಿದರೆ ಮುಗಿಯಿತು, ಅದಕ್ಕೆ ಸಾಮಾನ್ಯ ಪ್ಲಂಬರ್ ಸಾಕು.

ಬಾಣ ಸರಿಯಾಗಿದ್ದರೆ ಒತ್ತಡ ಇಳಿಸಬೇಕು. ಸುಲಭದ್ದು ಮೊದಲು. ಬಾತ್‌ರೂಮಿನ ಟವಲ್ ರೇಲ್ ಅಥವಾ ಹಜಾರದ ರೇಡಿಯೇಟರ್, ಯಾವುದಾದರೂ ಒಂದು ಯಾವಾಗಲೂ ತೆರೆದಿರಲಿ, ಅದಕ್ಕೆ ಥರ್ಮೋಸ್ಟಾಟಿಕ್ ತಲೆ ಬೇಡ. ಗೋಡೆಯ ಥರ್ಮೋಸ್ಟಾಟ್ ಇರುವ ರೂಮಿನ ರೇಡಿಯೇಟರಿನದೂ ಪೂರ್ತಿ ತೆರೆದೇ ಇರಬೇಕು, ಇಲ್ಲದಿದ್ದರೆ ಅವೆರಡೂ ಒಂದಕ್ಕೊಂದು ಜಗಳವಾಡುತ್ತವೆ, ಬಾಯ್ಲರ್ ಸುಮ್ನೆ ಉರಿಯುತ್ತಲೇ ಇರುತ್ತದೆ. ಎರಡನೆಯದು ಲಾಕ್‌ಶೀಲ್ಡ್, ಅಂದರೆ ರೇಡಿಯೇಟರಿನ ಇನ್ನೊಂದು ತುದಿಯಲ್ಲಿ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡಿರುವ ವಾಲ್ವ್. ಸದ್ದು ಮಾಡುವ ರೇಡಿಯೇಟರಿನದನ್ನು ಸ್ಪ್ಯಾನರ್‌ನಿಂದ ಕಾಲು ಸುತ್ತು ಮುಚ್ಚಿ ನೋಡಿ. ಮುಟ್ಟುವ ಮೊದಲು ಅದು ಎಷ್ಟು ಸುತ್ತು ತೆರೆದಿತ್ತು ಅಂತ ಎಣಿಸಿ ಬರೆದಿಟ್ಟುಕೊಳ್ಳಿ, ಇಲ್ಲವಾದರೆ ಇಡೀ ಮನೆಯ ಬ್ಯಾಲೆನ್ಸ್ ಹೋಗಿ ಒಂದು ರೂಮು ಬೆಂಕಿ, ಒಂದು ರೂಮು ಮಂಜು ಆಗುತ್ತದೆ. ಮೂರನೆಯದು ಬಾಯ್ಲರಿನ ಹೀಟಿಂಗ್ ನೀರಿನ ತಾಪ. ಮುಂದಿನ ನಾಬ್‌ನಿಂದ 75, 80ರಲ್ಲಿದ್ದರೆ 60ಕ್ಕೆ ಇಳಿಸಿ. ರೂಮುಗಳು ನಿಧಾನವಾಗಿ ಬೆಚ್ಚಗಾಗುತ್ತವೆ, ವಾಲ್ವ್‌ಗಳು ಒಮ್ಮೆಲೇ ಮುಚ್ಚಿಕೊಳ್ಳಲ್ಲ. ಗ್ಯಾಸೂ ಉಳಿಯುತ್ತದೆ, ಯಾಕೆಂದರೆ ನಿಮ್ಮದರಂಥ ಕಂಡೆನ್ಸಿಂಗ್ ಬಾಯ್ಲರಿಗೆ (ಹೊರಹೋಗುವ ಹೊಗೆಯ ಶಾಖವನ್ನೂ ಬಳಸಿಕೊಳ್ಳುವಂಥದ್ದು) ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಅದು ಹೊಗೆಯ ಶಾಖವನ್ನು ಸರಿಯಾಗಿ ಹಿಡಿದುಕೊಳ್ಳುತ್ತದೆ.

ಪಂಪಿನ ವೇಗ ಇಳಿಸುವುದು, ಬೈಪಾಸ್ ವಾಲ್ವ್ (ರೇಡಿಯೇಟರ್‌ಗಳು ಮುಚ್ಚಿಕೊಂಡಾಗ ನೀರನ್ನು ಅಡ್ಡದಾರಿಯಲ್ಲಿ ವಾಪಸ್ ಬಿಡುವುದು) ಸರಿಮಾಡುವುದು ಇಂಜಿನಿಯರ್ ಕೆಲಸ. ನಿಮ್ಮದರಲ್ಲಿ ಪಂಪ್ ಪೆಟ್ಟಿಗೆಯೊಳಗಿದೆ. ಹಳೆಯ ಪಂಪುಗಳಲ್ಲಿ ಮೂರು ವೇಗದ ಸ್ವಿಚ್ ಇರುತ್ತದೆ, ಹಾಕಿದವರು ಯೋಚನೆ ಮಾಡದೆ ಮೂರಕ್ಕೇ ಬಿಟ್ಟುಹೋಗಿರುತ್ತಾರೆ. ಎರಡಕ್ಕೆ ತಂದರೆ ಎಷ್ಟೋ ಮನೆಗಳು ತಣ್ಣಗಾಗುತ್ತವೆ, ಸದ್ದಿನ ವಿಷಯದಲ್ಲಿ ಹೇಳಿದ್ದು.

ಇಷ್ಟು ನಿಮ್ಮ ಮನೆಯ ಕಥೆ. ಇದನ್ನು ಓದುವ ಬೇರೆಯವರ ಮನೆಯಲ್ಲಿ ಸದ್ದು ಬೇರೆ ಹೊತ್ತಿಗೆ ಬರುತ್ತಿರಬಹುದು, ಅವರಿಗೂ ಸ್ವಲ್ಪ ಹೇಳಿಬಿಡುತ್ತೇನೆ.

ಬಾಯ್ಲರ್ ಹತ್ತಿಕೊಳ್ಳುವಾಗ ಬರುವ ಸದ್ದು ನನಗೆ ಎಲ್ಲಕ್ಕಿಂತ ಗಂಭೀರವಾದದ್ದು. ಹತ್ತಿರ ನಿಂತು ಕೇಳಿದರೆ ಕ್ರಮ ಗೊತ್ತಾಗುತ್ತದೆ. ಮೊದಲು ಫ್ಯಾನ್ ಸುಯ್ ಅಂತ ಏರುತ್ತದೆ, ಆಮೇಲೆ ಕಿಡಿಯ ಟಿಕ್ ಟಿಕ್, ಆಮೇಲೆ ಗ್ಯಾಸ್ ಬಿಟ್ಟು ಮೆತ್ತಗೆ ಭುಸ್ ಅಂತ ಉರಿ. ಕಿಡಿಗೆ ಮೊದಲೇ ಗುಂಯ್ ಇದ್ದರೆ ಫ್ಯಾನಿನ ಬೇರಿಂಗ್ ಅಥವಾ ಪಂಪ್. ಉರಿ ಹತ್ತಿದ ಕ್ಷಣದಿಂದ ಗುಂಯ್ ಶುರುವಾಗಿ, ಕೆಲವೊಮ್ಮೆ ಇಡೀ ಅಡುಗೆಮನೆ ಅದುರುವಷ್ಟು ಊಳಿಟ್ಟರೆ ಅದು ಉರಿಯದೇ ತೊಂದರೆ. ಗ್ಯಾಸ್ ಮತ್ತು ಗಾಳಿಯ ಪ್ರಮಾಣ ತಪ್ಪಿರಬಹುದು, ಬರ್ನರ್ ಕೊಳೆಯಾಗಿರಬಹುದು, ಗ್ಯಾಸ್ ಒತ್ತಡ ಕಮ್ಮಿ ಇರಬಹುದು, ಹೊಗೆ ಕೊಳವೆ ಬಿರುಕು ಬಿಟ್ಟು ಹೊಗೆಯನ್ನೇ ಮತ್ತೆ ಒಳಗೆ ಎಳೆದುಕೊಳ್ಳುತ್ತಿರಬಹುದು. ಇದನ್ನು ಕಿವಿಯಿಂದ ತೀರ್ಮಾನಿಸಲು ಆಗಲ್ಲ. ಹೊಗೆಯನ್ನು ಅಳೆಯುವ ಫ್ಲೂ ಗ್ಯಾಸ್ ಅನಲೈಸರ್ ಹಾಕಿಯೇ ನೋಡಬೇಕು. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ 350 ಪಿಪಿಎಂ (ಹತ್ತು ಲಕ್ಷಕ್ಕೆ 350 ಪಾಲು) ದಾಟಬಾರದು, ಅದಕ್ಕೂ ಕಾರ್ಬನ್ ಡೈಆಕ್ಸೈಡ್‌ಗೂ ಇರುವ ಅನುಪಾತ 0.004 ಮೀರಬಾರದು. ಗಾಳಿ ಒಳಗೆ ಬರುವ ದಾರಿಯಲ್ಲಿ ಅಳೆದಾಗ ಆಕ್ಸಿಜನ್ 20.6 ಶೇಕಡಕ್ಕಿಂತ ಕಮ್ಮಿ ತೋರಿಸಿದರೆ ಹೊಗೆ ಒಳಗೆ ಸೋರುತ್ತಿದೆ ಅಂತ ಅರ್ಥ. ಬಂದವರು ಅನಲೈಸರ್ ಚೀಲದಿಂದ ಹೊರಗೇ ತೆಗೆಯದೆ ಗ್ಯಾಸ್ ವಾಲ್ವಿನ ಸ್ಕ್ರೂ ತಿರುಗಿಸಲು ಹೋದರೆ ದಯವಿಟ್ಟು ನಿಲ್ಲಿಸಿ.

ಈ ಸದ್ದಿನ ಜೊತೆಗೆ ಮನೆಯಲ್ಲಿ ಯಾರಿಗಾದರೂ ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಹೊರಗೆ ಹೋದಾಗ ಅದು ಕಮ್ಮಿಯಾದರೆ ಕಾಯಬೇಡಿ. ಬಾಯ್ಲರ್ ನಿಲ್ಲಿಸಿ, ಕಿಟಕಿ ತೆರೆದು, ಎಲ್ಲರೂ ಹೊರಗೆ ಬಂದು ಗ್ಯಾಸ್ ತುರ್ತು ಸೇವೆಯ 0800 111 999ಗೆ ಫೋನ್ ಮಾಡಿ. ಮೀಟರ್ ಹತ್ತಿರದ ಗ್ಯಾಸ್ ಹಿಡಿಕೆಯನ್ನು ಪೈಪಿಗೆ ಅಡ್ಡವಾಗಿ ತಿರುಗಿಸಿದರೆ ಗ್ಯಾಸ್ ಬಂದ್. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದ ಮನೆಯವರು ಇವತ್ತೇ ಒಂದು ತನ್ನಿ, ಡಬ್ಬಿಯ ಮೇಲೆ ಇಎನ್ 50291 ಅಂತ ಇರಲಿ. ಬಾಡಿಗೆ ಮನೆಯಾದರೆ ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್‌ನಿಂದ ಬಾಯ್ಲರ್ ಇರುವ ವಾಸದ ಕೋಣೆಗೆ ಅದನ್ನು ಹಾಕಿಕೊಡಬೇಕಾದದ್ದು ಮನೆ ಮಾಲೀಕರ ಜವಾಬ್ದಾರಿ.

ಬಿಸಿ ಏರಿದ ಹಾಗೆ ಗುಡುಗುಡು, ಕೊತಕೊತ ಅಂತ ಏರುವ ಸದ್ದು ಇನ್ನೊಂದು. ಇದಕ್ಕೆ ಇಲ್ಲಿ ಕೆಟ್ಲಿಂಗ್ ಅಂತಾರೆ. ಎಕ್ಸ್‌ಚೇಂಜರ್ ಒಳಗೆ ಕೆಸರೋ ಸುಣ್ಣವೋ ಕೂತು, ಆ ಜಾಗದಲ್ಲಿ ನೀರು ಕುದಿಯುವ ಸದ್ದು. ಲಂಡನ್, ರೆಡಿಂಗ್ ಕಡೆಯ ನೀರು ಸೀಮೆಸುಣ್ಣದ ಬಂಡೆಯಿಂದ ಬರುವ ಗಡಸು ನೀರು. ಬೆಂಗಳೂರಲ್ಲಿ ಬೋರ್‌ವೆಲ್ ನೀರಿನ ಗೀಸರ್ ಕಾಯಿಲ್ ಬಿಚ್ಚಿ ನೋಡಿದವರಿಗೆ ಆ ಬಿಳಿ ಪೊರೆಯ ಪರಿಚಯ ಇರುತ್ತದೆ. ಆದರೆ ಒಂದು ತಿಳಿದುಕೊಳ್ಳಿ. ಹೀಟಿಂಗ್ ಪೈಪುಗಳಲ್ಲಿ ಸುತ್ತುವುದು ಅದದೇ ನೀರು. ಅದರಲ್ಲಿದ್ದ ಸುಣ್ಣ ಒಮ್ಮೆ ಕೂತರೆ ಮುಗಿಯಿತು. ಪ್ರೆಶರ್ ಇಳಿಯಿತು ಅಂತ ತಿಂಗಳಿಗೆ ನಾಲ್ಕು ಸಲ ಫಿಲ್ಲಿಂಗ್ ಲೂಪ್ ತೆರೆದು ಹೊಸ ನೀರು ತುಂಬುತ್ತಿದ್ದರೆ ಮಾತ್ರ ಹೊಸ ಸುಣ್ಣವೂ ಹೊಸ ಆಕ್ಸಿಜನ್ನೂ ಒಳಗೆ ಹೋಗುತ್ತವೆ, ರೇಡಿಯೇಟರಿನ ಕಬ್ಬಿಣ ತುಕ್ಕು ಹಿಡಿದು ಕಪ್ಪು ಕೆಸರಾಗುತ್ತದೆ. ಆಗ ಮೊದಲು ಸೋರಿಕೆ ಹುಡುಕಬೇಕು, ಆಮೇಲೆ ಫ್ಲಶ್ (ಪೈಪುಗಳನ್ನು ತೊಳೆಯುವುದು), ಇನ್‌ಹಿಬಿಟರ್ (ತುಕ್ಕು ತಡೆಯುವ ದ್ರವ), ಕೆಸರು ಹಿಡಿಯುವ ಮ್ಯಾಗ್ನೆಟಿಕ್ ಫಿಲ್ಟರ್. ಸೋರಿಕೆ ಬಿಟ್ಟು ಪವರ್ ಫ್ಲಶ್ ಮಾಡಿಸೋದು ದುಡ್ಡು ದಂಡ. ರೇಡಿಯೇಟರಿನ ಗಾಳಿ ಬಿಡುವಾಗ ಬರುವ ನೀರನ್ನು ಬಿಳಿ ಬಟ್ಟಲಿನಲ್ಲಿ ಹಿಡಿದು ನೋಡಿ. ಶಾಯಿಯಂತೆ ಕಪ್ಪಗಿದ್ದರೆ ಕೆಸರಿದೆ. ನಿಮ್ಮದು 1.3 ಬಾರ್ ಅಂದಿರಿ, ತಣ್ಣಗಿರುವಾಗಿನ ಲೆಕ್ಕವಾದರೆ ಸರಿಯಾಗಿಯೇ ಇದೆ, ಬಿಸಿಯಾದಾಗ 2ರ ಹತ್ತಿರ ಹೋದರೂ ಚಿಂತೆಯಿಲ್ಲ. ವಾರಗಟ್ಟಲೆ ಹಾಗೇ ನಿಂತಿದ್ದರೆ ಸೋರಿಕೆಯ ಮಾತೂ ಇಲ್ಲ.

ಕಾಂಬಿ ಅಲ್ಲದೆ ಬಿಸಿನೀರಿನ ಸಿಲಿಂಡರ್ ಇರುವ ಮನೆಗಳಲ್ಲಿ ಎಲ್ಲ ಆಫ್ ಆಗಿದ್ದರೂ ರಾತ್ರಿ ಸಣ್ಣಗೆ ಗುಂಯ್ ಬರುತ್ತಿರುತ್ತದೆ. ಏರಿಂಗ್ ಕಪಾಟಿನಲ್ಲಿ, ಅಂದರೆ ಆ ಸಿಲಿಂಡರ್ ಇಟ್ಟಿರುವ ಕಪಾಟಿನಲ್ಲಿರುವ ಮೂರು ದಾರಿಯ ಮೋಟರ್ ವಾಲ್ವಿನ ತಲೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸದ್ದು ಅದರದ್ದೇ. ಆ ಬಗೆಯ ವಾಲ್ವಿನ ವೈರಿಂಗ್ ಹೇಗಿದೆ ಅಂದರೆ, ಕೊನೆಗೆ ನಡೆದದ್ದು ಹೀಟಿಂಗ್ ಆಗಿದ್ದರೆ ಆಮೇಲೂ ಅದರ ಚಿಕ್ಕ ಮೋಟರಿಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ಅದು ಕೆಟ್ಟದ್ದಲ್ಲ. ಸದ್ದು ತಡೆಯಲಾಗದಿದ್ದರೆ ಮೋಟರ್ ಮಾತ್ರ ಬದಲಿಸಬಹುದು.

ಮತ್ತೆ ಕೆಲವರ ಮನೆಯಲ್ಲಿ ತಪ್ಪು ಬಾಯ್ಲರಿನದೇ ಅಲ್ಲ. ಪಕ್ಕದಲ್ಲಿ ಒಂದು ಸ್ವಿಚ್ ಇರುತ್ತದೆ, 3 ಆಂಪ್ ಫ್ಯೂಸ್ ಹಾಕಿದ್ದು. ಬಾಯ್ಲರ್ ಸುಮ್ಮನಿದ್ದೂ ಸದ್ದು ಬರುತ್ತಿದ್ದರೆ ಅದನ್ನು ಆಫ್ ಮಾಡಿ. ಆದರೂ ಗುಂಯ್ ನಿಲ್ಲದಿದ್ದರೆ ಬೇರೆ ಕಡೆ ಹುಡುಕಿ. ಟಾಯ್ಲೆಟ್ ಫ್ಲಶ್ ಮಾಡಿದ ಮೇಲೆ ಒಂದು ನಿಮಿಷ ಬಂದು ನಿಲ್ಲುವ ಸದ್ದು ಫ್ಲಶ್ ಟ್ಯಾಂಕ್ ತುಂಬುವ ವಾಲ್ವಿನದು. ಸೆಮಿ ಡಿಟ್ಯಾಚ್ಡ್ ಮನೆಯಲ್ಲಿ ಪಕ್ಕದವರ ಪಂಪ್ ನಡುಗೋಡೆಯ ಮೇಲೇ ಇದ್ದು, ಅವರ ಹೀಟಿಂಗ್ ನಮ್ಮ ರೂಮಿನಲ್ಲಿ ಹಾಡುವುದೂ ಉಂಟು. ಸದ್ದಿನಲ್ಲಿ ಯಾವ ಆವರ್ತನ ಜೋರಾಗಿದೆ ಅಂತ ತೋರಿಸುವ ಸ್ಪೆಕ್ಟ್ರಮ್ ಆ್ಯಪ್ ಫೋನಿನಲ್ಲಿ ಉಚಿತವಾಗಿ ಸಿಗುತ್ತದೆ, ಹಾಕಿ ನೋಡಬಹುದು. ಸದ್ದಿನ ಶಿಖರ 100 ಹರ್ಟ್ಸ್‌ನಲ್ಲೇ ಅಲುಗಾಡದೆ ನಿಂತಿದ್ದರೆ 50 ಹರ್ಟ್ಸ್ ಕರೆಂಟಿನಿಂದ ನಡೆಯುವ ಪಂಪೋ ಟ್ರಾನ್ಸ್‌ಫಾರ್ಮರೋ ಇರಬೇಕು. ಉರಿ ಏರಿಳಿದಂತೆ ಅದೂ ಏರಿಳಿದರೆ ಫ್ಯಾನ್ ಅಥವಾ ಬರ್ನರ್.

ನಿಮಗೆ ಈಗ ಬೇಕಾದದ್ದು ಮೊದಲ ಎರಡು ನಲ್ಲಿ ಪರೀಕ್ಷೆ ಮತ್ತು ವಾಲ್ವ್ ತಲೆಗಳ ಪರೀಕ್ಷೆ, ಒಂದು ಶನಿವಾರ ಬೆಳಗ್ಗೆಯ ಕೆಲಸ. ಏನೇನು ಆಯಿತು, ಯಾವ ರೇಡಿಯೇಟರ್, ಬಾಣ ಯಾವ ಕಡೆ ಅಂತ ಬರೆದಿಡಿ. ಎರಡನೇ ಇಂಜಿನಿಯರನ್ನು ಕರೆದಾಗ ಬಾಯ್ಲರ್ ಸದ್ದು ಮಾಡುತ್ತಿದೆ ಅನ್ನಬೇಡಿ. ವಾಲ್ವ್‌ಗಳು ಮುಚ್ಚಿಕೊಂಡಾಗ ಮಾತ್ರ ಸದ್ದು ಬರುತ್ತಿದೆ, ಪಂಪಿನ ವೇಗ ಮತ್ತು ಬೈಪಾಸ್ ನೋಡಿ ಅಂತ ಹೇಳಿ, ಹೇಗೂ ಬಂದಿರುವಾಗ ವರ್ಷದ ಸರ್ವೀಸ್ ಮಾಡಿಸಿ ಅನಲೈಸರಿನ ಪ್ರಿಂಟ್ ಕೇಳಿ ಇಸ್ಕೊಳ್ಳಿ.